ತಂದಿಯವರು ಹ್ಯಾಂಗದಾರ್ರಿ?

ಕಸದ ಗಾಡಿ

ಮನೆಯೊಳಗೆ ಯಾರಿದ್ದಾರೆಂದು ಮೊದಲು ಒಣಹಾಕಿದ ಬಟ್ಟೆ ಹೇಳುತ್ತಿತ್ತು. ಹಗ್ಗದ ಮೇಲೆ ಲಂಗೋಟಿ, ಕುಂಚಿಗೆ ಕಂಡರೆ ಬಾಣಂತಿ ಇದ್ದಾಳೆ. ಹಳೇ ಧೋತರದ ತುಂಡುಗಳು ದಿನವೂ ಜೋತಾಡುತ್ತಿದ್ದರೆ ಹಿರಿಯರು ಹಾಸಿಗೆ ಹಿಡಿದಿದ್ದಾರೆ. ಈಗ ಆ ಸುದ್ದಿಯೆಲ್ಲ ಕಸದ ಗಾಡಿಗೆ ಸೇರಿಹೋಗಿದೆ. ರಾಯಚೂರಿನ ನಮ್ಮ ಓಣಿಗೆ ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಗಾಡಿಯ ಹೆಣ್ಣುಮಗಳಿಗೆ ಯಾವ ಮನೆಯ ಚೀಲ ಎಷ್ಟು ಭಾರ ಎಂಬುದು ಬಾಯಿಪಾಠ. ಒಮ್ಮೆ ಚೀಲ ಎತ್ತುತ್ತ ಗೊಣಗಿದಳು: "ಕೂಸಿಲ್ಲ, ಮುದುಕರಿಲ್ಲ, ಆದ್ರೂ ಈ ಮನ್ಯಾಗ ದಿನಾ ಪ್ಯಾಂಪರ್ಸ್ ಬೀಳ್ತಾವ ನೋಡ್ರಿ. ಅವೂ ದೊಡ್ಡವು."

ಯಾವ ಮನೆ ಎಂದು ಬರೆಯುವುದಿಲ್ಲ. ಅಲ್ಲಿರುವವರು ಗಟ್ಟಿಮುಟ್ಟಾದ ಗಂಡ ಹೆಂಡತಿ. ಇಬ್ಬರೂ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಆ ಕಡೆ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಯಿತು. ಈ ಟಿಪ್ಪಣಿ ಶುರುವಾದದ್ದು ಹಾಗೆ.

ಇಂಥದನ್ನು ಬೇರೆಯಾಗಿ ಸುತ್ತಿ ಕೊಡಬೇಕು, ಸುತ್ತುವುದಕ್ಕೆ ಚೀಲವನ್ನೋ ಹಾಳೆಯನ್ನೋ ತಯಾರಿಸುವ ಕಂಪನಿಯೇ ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ನಮ್ಮಲ್ಲಿ ಯಾರೂ ಬೇರೆ ಕೊಡುವುದಿಲ್ಲ. ಬೇರೆ ಕೊಟ್ಟರೆ ಒಳಗೇನಿದೆ ಎಂದು ತಿಳಿಯುತ್ತದಲ್ಲ! ಅದಕ್ಕೇ ಕಾಯಿಪಲ್ಲೆ ಸಿಪ್ಪೆಯ ನಡುವೆ ಹುಗಿಯುತ್ತಾರೆ. ಅಷ್ಟು ಜತನದಿಂದ ಬಚ್ಚಿಟ್ಟದ್ದು ಕೊನೆಗೆ ಬರಿಗೈಯಲ್ಲಿ ಬೇರ್ಪಡಿಸುವ ಒಬ್ಬಳ ಕೈಗೇ ಸಿಗುತ್ತದೆ.

ಮೆಡಿಕಲ್

ತೀನ್ ಕಂದೀಲ್ ಹತ್ತಿರದ ಮೆಡಿಕಲ್ ಅಂಗಡಿಯೊಂದರಲ್ಲಿ ನನಗೆ ಪರಿಚಯ ಇದೆ. ಸಂಜೆ ಹೊತ್ತು ಸ್ಟೂಲ್ ಕೊಡುತ್ತಾರೆ. ಕೂತು ನೋಡಿದೆ. "ದೊಡ್ಡೋರ ಪ್ಯಾಂಪರ್ಸ್ ಕೊಡ್ರಿ", "ಪೇಶಂಟ್ ಪ್ಯಾಂಪರ್ಸ್ ಅದಾವೇನ್ರಿ?" ಎಂದು ಕೇಳುವವರೇ ಹೆಚ್ಚು. ಒಬ್ಬರಾದರೂ "ನನಗೆ" ಅನ್ನಲಿಲ್ಲ. ಕಾಂಡೋಮ್ ಕೇಳುವವರು ದನಿ ತಗ್ಗಿಸುತ್ತಾರೆ. ಇದನ್ನು ಕೇಳುವವರು ದನಿ ಏರಿಸುತ್ತಾರೆ. "ನಮ್ಮಪ್ಪಗ ಬೇಕಾಗಿತ್ತು!" ಎನ್ನುವುದು ಅಂಗಡಿಯಲ್ಲಿರುವ ಅಷ್ಟೂ ಮಂದಿಗೆ ಕೇಳಿಸಬೇಕು. ಅಂಗಡಿಯವರು ಮಾತ್ರ ಎರಡನ್ನೂ ಒಂದೇ ಥರ ಪೇಪರ್ ಸುತ್ತಿ ಕರಿ ಕವರಿನಲ್ಲಿ ಹಾಕುತ್ತಾರೆ.

ಒಂದರ ಬೆಲೆ ಹೆಚ್ಚುಕಡಿಮೆ 40 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಆದರೂ ದಿನಕ್ಕೆ ಒಂದೇ ಹಾಕಿದರೂ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಅಷ್ಟಕ್ಕೇ ಸರಿಹೋಗುತ್ತದೆ. ದಿನಕ್ಕೆ ಒಂದರಲ್ಲಿ ಯಾರಿಗೂ ಮುಗಿಯುವುದಿಲ್ಲ. ಒಬ್ಬ ಸೊಸೆ ಗೃಹಲಕ್ಷ್ಮಿ ದುಡ್ಡು ಜಮಾ ಆದ ಮೆಸೇಜ್ ತೋರಿಸಿ, "ಇದು ಅತ್ತಿದು, ಅತ್ತಿಗೇ ಹೋತು" ಎಂದು ನಕ್ಕು ಎರಡು ಪ್ಯಾಕ್ ಒಯ್ದಳು.

ತಾಟಿನಲ್ಲಿ

ಒಳಗೇನಿದೆ ಎಂದು ನೋಡೋಣವೆಂದು ಒಂದನ್ನು ಮನೆಗೆ ತಂದು ಸ್ಟೀಲ್ ತಾಟಿನಲ್ಲಿಟ್ಟು ಕತ್ತರಿಸಿದೆ. ಹೊರಗೆ ತೆಳ್ಳನೆಯ ಪ್ಲಾಸ್ಟಿಕ್ಕು, ಮೈಗೆ ತಾಗುವ ಕಡೆ ಬಟ್ಟೆಯಂತೆ ಕಾಣುವ ಆದರೆ ನೇಯದ ಹಾಳೆ, ನಡುವೆ ಬಿಳಿ ನಾರು. ಮೊದಲ ನೋಟಕ್ಕೆ ಹತ್ತಿ ಅನಿಸುತ್ತದೆ. ಹತ್ತಿಯಲ್ಲ, ಮರದ ನಾರು. ಜಗತ್ತಿನ ಡೈಪರ್‌ಗಳಿಗೆಲ್ಲ ಈ ನಾರು ಹೆಚ್ಚಾಗಿ ಬರುವುದು ಅಮೆರಿಕದ ದಕ್ಷಿಣ ಭಾಗದ ಪೈನ್ ಮರಗಳಿಂದ. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಸೀಜನ್ ಬಂತೆಂದರೆ ಹತ್ತಿ ತುಂಬಿದ ಗಾಡಿಗಳು ರಸ್ತೆ ಕಟ್ಟಿ ನಿಲ್ಲುತ್ತವೆ. ಅದೇ ಊರಿನ ಮುದುಕನ ಸೊಂಟಕ್ಕೆ ಸುತ್ತುವುದು ಅಮೆರಿಕದ ಪೈನ್ ಮರ.

ನಾರನ್ನು ಕೊಡವಿದಾಗ ಸಕ್ಕರೆ ಕಾಳಿನಂಥ ಹರಳು ಉದುರಿದವು. ಚಮಚದಷ್ಟು ಹರಳಿನ ಮೇಲೆ ಒಂದು ಲೋಟ ನೀರು ಹಾಕಿದೆ. ನೋಡನೋಡುತ್ತ ಊದಿಕೊಂಡು ಗಟ್ಟಿಯಾಯಿತು. ತಾಟು ಓರೆ ಮಾಡಿದರೂ ಹನಿ ಬೀಳಲಿಲ್ಲ. ಆಮೇಲೆ ಉಪ್ಪು ಉದುರಿಸಿದೆ. ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿದ್ದದ್ದು ಸಡಿಲವಾಗಿ ನೀರು ಬಿಟ್ಟಿತು. ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಈ ಹರಳು ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಅಲ್ಲಿ ಅದರ ಆಟ ಹತ್ತಾರು ಪಟ್ಟಿಗೇ ನಿಲ್ಲುತ್ತದೆ.

ಇನ್ನೊಂದು ವಿಷಯ ಆಮೇಲೆ ಓದಿದ್ದು. ಇಂಥ ಹರಳಿನ ಬೆನ್ನುಹತ್ತಿದವರಲ್ಲಿ ಮೊದಲಿಗರು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು, 1960ರ ದಶಕದಲ್ಲಿ. ಅವರಿಗೆ ಬೇಕಿದ್ದದ್ದು ಮಣ್ಣಿನಲ್ಲಿ ನೀರು ಹಿಡಿದಿಡುವ ಉಪಾಯ. ಡೈಪರ್ ಆಮೇಲೆ ಬಂತು. ನಮ್ಮಲ್ಲೂ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಳೆಯಾಶ್ರಿತ ಬೆಳೆಗೆಂದು ಪೂಸಾ ಹೈಡ್ರೋಜೆಲ್ ಮಾಡಿದೆ. ತನ್ನ ತೂಕದ 350 ಪಟ್ಟು ನೀರು ಹಿಡಿಯುತ್ತದೆ. ದೇವದುರ್ಗದ ಒಣ ಹೊಲದ ತೊಗರಿ ಬೇರಿಗೂ ಅದೇ ಊರಿನ ಹಾಸಿಗೆ ಹಿಡಿದ ಅಜ್ಜನಿಗೂ ಆಗಿಬರುವುದು ಒಂದೇ ಗುಟ್ಟು. ಮಾನ್ವಿಯ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಜವಳು ನೆಲದಲ್ಲಿ, ಉಪ್ಪಿನ ಕಾಟಕ್ಕೆ ಅದೂ ಸೋಲಬಹುದು.

"ಆ ತಾಟು ಇನ್ನ ಅಡಗಿಮನಿಗೆ ಬರಂಗಿಲ್ಲ" ಎಂದಳು ಮನೆಯವಳು. ಈಗ ಅದು ನನ್ನ ಟೇಬಲ್ ಮೇಲೆ ಪೆನ್ನು ಇಡಲಿಕ್ಕೆ.

ದೇವದುರ್ಗ, ಬಸ್ ನಿಲ್ದಾಣ

ಬೆಂಗಳೂರಿಗೆ ಗುಳೆ ಹೊರಟ ಸಂಸಾರಗಳು. ಗಂಟು, ಬುಟ್ಟಿ, ಸಿಮೆಂಟ್ ಚೀಲದಲ್ಲಿ ಜೋಳದ ಹಿಟ್ಟು. ಗಂಡಸರು ಚಾ ಕುಡಿಯುತ್ತಿದ್ದರು. ಹೆಂಗಸರು ಕುಡಿಯುತ್ತಿರಲಿಲ್ಲ. ಒಬ್ಬಾಕೆಗೆ ಯಾಕವ್ವಾ ಎಂದು ಕೇಳಿದ್ದಕ್ಕೆ, "ರಾತ್ರಿ ಬಸ್ಸದರೀ" ಎಂದಳು, ಇಷ್ಟೂ ತಿಳಿಯದವನೇನು ಎಂಬಂತೆ ನೋಡುತ್ತ. 2023ರ ಜೂನ್ 11ರಿಂದ ಸರ್ಕಾರಿ ಸಾದಾ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಶೂನ್ಯ ರೂಪಾಯಿ. ಬಸ್ಸು ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು ಎಂಬುದು ಮಾತ್ರ ಇನ್ನೂ ಡ್ರೈವರನ ಮರ್ಜಿ.

ಅದೇ ನಿಲ್ದಾಣದಲ್ಲಿ ಸಿಕ್ಕ ಪರಿಚಯದ ಟೀಚರಮ್ಮ ಒಬ್ಬರು ಮಾತು ಬಂದದ್ದಕ್ಕೆ ಹೇಳಿದರು: ಬೆಂಗಳೂರಿಗೆ ಹೋಗುವ ರಾತ್ರಿಯೆಲ್ಲ ಅವರು ಡೈಪರ್ ಹಾಕುತ್ತಾರೆ. ಕಾಯಿಲೆ ಇಲ್ಲ. "ಮದಲ ಮಧ್ಯಾಹ್ನದಿಂದ ನೀರು ಬಿಡ್ತಿದ್ದೆ ಸರ. ಒಮ್ಮೆ ಮೂತ್ರದ ಸೋಂಕಾಗಿ ಜ್ವರಕ್ಕ ಬಿದ್ದೆ. ಈಗ ನೀರು ಕುಡೀತೀನಿ, ನಿದ್ದಿ ಮಾಡ್ತೀನಿ. ಹೆಚ್ಚಿನ ಸಲ ಅದು ಒಣಾನೇ ಇರ್ತದ."

ಒಣದಾಗಿಯೇ ಇರುತ್ತದಂತೆ! ನನಗೆ ಗಂಟು ಬಿದ್ದದ್ದು ಇಲ್ಲಿ. ಬಳಸದೇ ಬಿಸಾಕುವ 40 ರೂಪಾಯಿ ಅವರಿಗೆ ಕೊಟ್ಟದ್ದು ಏನು? ಇದನ್ನು ಅಗತ್ಯ ಅನ್ನುವುದೋ, ಆರಾಮ ಅನ್ನುವುದೋ?

ಮಡಿ

ಮಾನ್ವಿಯ ಅಜ್ಜಿಯೊಬ್ಬರು ಮಂತ್ರಾಲಯಕ್ಕೆ ಹೊರಟಿದ್ದರು. ಜಗನ್ನಾಥದಾಸರ ಊರಿನವರು, ಧಾಬಳಿ ಉಡುವ ಕಟ್ಟಾ ಮಡಿ. ಗುರುವಾರದ ಸಾಲು ಎಂದರೆ ತಾಸುಗಟ್ಟಲೆ. ಸೊಸೆ ಹಿಂದಿನ ದಿನವೇ ಹೆದರುತ್ತ ಹೆದರುತ್ತ ಡೈಪರ್ ಮಾತು ಎತ್ತಿದ್ದಾಳೆ. ಅಜ್ಜಿ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ತೀರ್ಪು ಕೊಟ್ಟರಂತೆ: "ಅದು ನೇಯ್ದ ಬಟ್ಟಿ ಅಲ್ಲ. ಹಂಗಾಗಿ ಮೈಲಿಗಿ ತಟ್ಟೂದಿಲ್ಲ." ಯಾವ ಶಾಸ್ತ್ರದಲ್ಲಿದೆ ಎಂದು ಮಗ ಕೇಳಿದ್ದಕ್ಕೆ, "ರಾಯರಿಗೆ ನನ್ನ ವಯಸ್ಸು ಗೊತ್ತದ" ಎಂದು ಬಸ್ ಹತ್ತಿದರು.

ಉರ್ದು ಶಾಲೆಯಿಂದ ನಿವೃತ್ತರಾದ ನನ್ನ ಸ್ನೇಹಿತರಿಗೆ ಹೀಗೆ ತಾವೇ ಶಾಸ್ತ್ರ ಬರೆಯುವ ಕಷ್ಟ ಬರಲಿಲ್ಲ. ಹನಿ ನಿಲ್ಲದವನು ಪ್ರತಿ ನಮಾಜಿನ ಹೊತ್ತಿಗೆ ಒಮ್ಮೆ ವುಜೂ ಮಾಡಿಕೊಂಡರೆ ಸಾಕು, ನಡುವೆ ಹನಿ ಬಿದ್ದರೂ ನಮಾಜು ಕೆಡುವುದಿಲ್ಲ ಎಂದು ಹನಫಿ ಪಂಡಿತರು ಶತಮಾನಗಳ ಹಿಂದೆಯೇ ದಾರಿ ಮಾಡಿಟ್ಟಿದ್ದಾರೆ. ಪ್ರೊಸ್ಟೇಟ್ ಆಪರೇಶನ್ ಆದಮೇಲೆ ಅವರು ಮಸೀದಿ ತಪ್ಪಿಸಿದ್ದಿಲ್ಲ. ಆದರೆ ಮೊಮ್ಮಗಳ ಮದುವೆಗೆ ಹೋಗಲಿಲ್ಲ. "ಅಲ್ಲಾಹನ ಮುಂದ ನಿಂತರ ನಡೀತದ. ಬೀಗರ ಮುಂದ ಕುರ್ಚಿಮ್ಯಾಲೆ ಕೂಡೋದು ಕಠಿಣ ಸಾಹೇಬ್ರ."

ಡ್ಯೂಟಿ

ಬೊಂಬಾಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಎರಡೂ ಬಂದು ಕೂಡಿದ್ದು ರಾಯಚೂರಿನಲ್ಲಿ, 1871ರಲ್ಲಿ. ಇವತ್ತಿಗೂ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ಗೆ ಕಲ್ಲಿದ್ದಲು ಗಾಡಿಗಳು ಬರುತ್ತಲೇ ಇರುತ್ತವೆ. ಎಂಜಿನ್ನಿನಲ್ಲಿ ಶೌಚಾಲಯವಿಲ್ಲ ಎಂಬುದು ಲೋಕೊ ಪೈಲಟ್‌ಗಳ ಹಳೇ ದೂರು. ಜೈವಿಕ ಶೌಚಾಲಯವಿರುವ ಮೊದಲ ಎಂಜಿನ್ ಬಂದದ್ದು 2016ರಲ್ಲಿ. ಎಲ್ಲ ಎಂಜಿನ್ನಿಗೂ ಅದು ಸಿಕ್ಕಿಲ್ಲ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದಮೇಲೆ ಕೆಲವರು ಡೈಪರ್ ಕಟ್ಟಿಕೊಂಡೇ ಗಾಡಿ ನಡೆಸಿದ್ದಾಗಿ ಹೇಳಿದ್ದಾರೆ.

2020ರ ಕೋವಿಡ್ ಕಾಲದಲ್ಲಿ ಪಿಪಿಇ ಕಿಟ್ ತೊಟ್ಟ ನರ್ಸ್‌ಗಳದೂ ಇದೇ ಕಥೆ. ನನಗೆ ಗೊತ್ತಿರುವ ಸಿಸ್ಟರ್ ಒಬ್ಬರು ಅದನ್ನು ನಗುನಗುತ್ತ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ಆಕಾಶಕ್ಕೆ ಹೋಗುವವರೂ ಹಾಕುತ್ತಾರೆ. 1961ರ ಮೇ 5ರಂದು ಅಮೆರಿಕದ ಅಲನ್ ಶೆಪರ್ಡ್ ಉಡಾವಣೆಗೆ ಕಾದು ಕಾದು ಕೊನೆಗೆ ಬಾಹ್ಯಾಕಾಶ ಉಡುಪಿನಲ್ಲೇ ಮೂತ್ರ ಮಾಡಬೇಕಾಯಿತು. ಹೀರುವ ಉಡುಪಿನ ಯೋಚನೆ ಆಮೇಲೆ ಬಂತು.

ಡ್ಯೂಟಿ ಎಂದರೆ ತಲೆ ಎತ್ತಿ ಹೇಳಬಹುದು, ರೋಗ ಎಂದರೆ ತಲೆ ತಗ್ಗಿಸಿ ಹೇಳಬಹುದು. ಇಷ್ಟ ಎಂದು ಹೇಳಿದವರನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ವಾರ್ಡು

ಸಂಬಂಧಿಕರನ್ನು ನೋಡಲು ಹೋಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ರಾತ್ರಿ ಕಳೆಯಬೇಕಾಯಿತು. ಪಕ್ಕದ ಮಂಚದಲ್ಲಿ ದೇವದುರ್ಗ ತಾಲೂಕಿನ ಹಳ್ಳಿಯ ರೈತ, ಎಪ್ಪತ್ತು ದಾಟಿದವರು, ಕಾಲು ಮುರಿದಿತ್ತು. ತಲೆ ಚುರುಕಾಗಿಯೇ ಇತ್ತು. ಜೋಳದ ಧಾರಣಿ, ನಾರಾಯಣಪುರ ಬಲದಂಡೆ ಕಾಲುವೆಗೆ ನೀರು ಬಿಟ್ಟ ತಾರೀಖು, ಎಲ್ಲ ನೆನಪು.

ನಡುರಾತ್ರಿ ಮಗನನ್ನು ಎಬ್ಬಿಸಿದರು. "ತಮ್ಮಾ, ಒಂದಕ್ಕ ಬಂದದ."

"ಅದರಾಗ ಮಾಡಪ್ಪ. ಹಾಕ್ಯದಲ್ಲ."

"ಮಲಕೊಂಡು ಹ್ಯಾಂಗ ಮಾಡ್ಲಿ?"

"ಎಲ್ಲರೂ ಮಾಡ್ತಾರಪ್ಪ. ಮಾಡು."

ಮಗ ಮಂಚದ ಕೆಳಗೆ ಜಮಖಾನದ ಮೇಲೆ ಮತ್ತೆ ಮಲಗಿದ. ಅವನನ್ನು ಬೈಯುವಂತಿಲ್ಲ. ಹಗಲು ಎಕ್ಸ್‌ರೇ, ಬಿಲ್ಲು, ಔಷಧ ಎಂದು ಮೂರು ಮಹಡಿ ಹತ್ತಿಳಿದು ಸುಸ್ತಾಗಿದ್ದ. ಮುದುಕ ಮಾತ್ರ ಸರಳು ಹಿಡಿದುಕೊಂಡು ಕಣ್ಣು ಬಿಟ್ಟೇ ಇದ್ದರು. ಎಪ್ಪತ್ತು ವರ್ಷ ಮೈ ಕಲಿತದ್ದನ್ನು ಮಗ ಒಂದು ಮಾತಿನಲ್ಲಿ ಮರೆ ಅಂದರೆ ಮೈ ಮರೆಯುತ್ತದೆಯೇ? ನಸುಕಿಗೆ ನರ್ಸ್ ಬಂದು ಪಾಟ್ ಕೊಟ್ಟಾಗ ಅವರ ಮುಖ ನೋಡಬೇಕಿತ್ತು.

ಎದ್ದು ಹೋಗಬಲ್ಲ, ಅಥವಾ ಪಾಟ್ ಕೇಳಬಲ್ಲ ಹಿರಿಯರಿಗೆ ಆಸ್ಪತ್ರೆಯಲ್ಲಿ ಡೈಪರ್ ಕಟ್ಟಿಬಿಟ್ಟರೆ ಅವರ ಹಿಡಿತವೇ ತಪ್ಪಿಹೋಗುವ ಅಪಾಯ ಹೆಚ್ಚು ಎಂದು ನರ್ಸಿಂಗ್ ಬಲ್ಲವರು ಎಚ್ಚರಿಸುತ್ತಾರೆ. ತಿಂಗಳು ಕಳೆದು ಮನೆಗೆ ಬರುವಷ್ಟರಲ್ಲಿ ಹಿಡಿತವಿಲ್ಲ ಎಂಬ ಸುಳ್ಳು ನಿಜವಾಗಿರುತ್ತದೆ. ಆರಾಮಕ್ಕೆಂದು ಹಾಕುವ ಡೈಪರ್ ಯಾವುದು ಎಂದು ನನ್ನನ್ನು ಕೇಳಿದರೆ ನಾನು ಮೊದಲು ಬೆರಳು ತೋರಿಸುವುದು ಈ ವಾರ್ಡಿಗೆ. ಆರಾಮ ಇದೆ. ಹಾಕಿಸಿಕೊಂಡವರಿಗಲ್ಲ, ಹಾಕಿದವರಿಗೆ.

ಜಪಾನಿನಲ್ಲಿ ಓಜಿ ಎಂಬ ಕಂಪನಿ 2024ರಲ್ಲಿ ಅಲ್ಲಿನ ಮಾರುಕಟ್ಟೆಗೆ ಮಕ್ಕಳ ಡೈಪರ್ ತಯಾರಿಸುವುದನ್ನೇ ನಿಲ್ಲಿಸಿತು, ದೊಡ್ಡವರದನ್ನು ಮುಂದುವರಿಸಿತು. ಅಲ್ಲಿ ಕೂಸು ಕಡಿಮೆ, ಮುದುಕರು ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಕೂಸಿಗೇನೂ ಬರವಿಲ್ಲ. ಮುದುಕರನ್ನು ನೋಡಿಕೊಳ್ಳಬೇಕಾದ ಹರೆಯದವರು ಮಾತ್ರ ಬೆಂಗಳೂರಿನಲ್ಲಿ.

ಮಾನ್ವಿ ಕಡೆಯವರು

ಹೆಸರಿಲ್ಲ, ಇಲಾಖೆ ಇಲ್ಲ. ವಯಸ್ಸು ಐವತ್ತರ ಒಳಗೆ. ತಾಟಿನ ಪ್ರಯೋಗವನ್ನು ನಾನು ಚಾದ ಅಂಗಡಿಯಲ್ಲಿ ವರ್ಣಿಸಿದಾಗ ಉಳಿದವರು ನಕ್ಕರು, ಇವರು ನಗಲಿಲ್ಲ. ವಾರ ಬಿಟ್ಟು ಒಬ್ಬರೇ ಮನೆಗೆ ಬಂದು ಕೂತರು. "ಬರ್ಕೋರಿ ಸರ, ಬ್ಯಾಡ ಅನ್ನಂಗಿಲ್ಲ. ನಗಬ್ಯಾಡ್ರಿ ಅಷ್ಟ."

ಅವರಿಗೆ ಶುಗರ್ ಇಲ್ಲ, ಪ್ರೊಸ್ಟೇಟ್ ಇಲ್ಲ, ಮೂತ್ರಕೋಶ ನೆಟ್ಟಗಿದೆ. ರಾತ್ರಿ ಮಲಗುವಾಗ ಡೈಪರ್ ಹಾಕುತ್ತಾರೆ. ಇಷ್ಟ, ಅದಕ್ಕೇ ಹಾಕುತ್ತಾರೆ.

ನನ್ನ ತಲೆ ಕೂಡಲೇ ಕಾರಣ ಹುಡುಕತೊಡಗಿತು. ತಂದೆಯ ಕೊನೆಗಾಲದಲ್ಲಿ ಸೇವೆ ಮಾಡಿದವರು ಅವರೇ. ತಂದೆ ತೀರಿಕೊಂಡಾಗ ಪ್ಯಾಕು ಉಳಿದಿತ್ತು. ಹಾಗಾದರೆ ಇದು ದುಃಖದಿಂದ ಬಂದದ್ದು, ಅಪ್ಪನ ನೆನಪು ಎಂದು ನಾನು ಕಥೆ ಹೆಣೆದು ಮುಗಿಸುವಷ್ಟರಲ್ಲಿ ಅವರು ತಲೆ ಅಲ್ಲಾಡಿಸಿದರು. "ಇಲ್ರಿ ಸರ. ಹಂಗ ಹೇಳಿದ್ರ ನಿಮಗ ಛಲೋ ಅನಸ್ತದ. ಆದ್ರ ಈ ಇಚ್ಛಾ ಅದಕ್ಕಿಂತ ಮದಲಿಂದ ಇತ್ತು. ಅಪ್ಪಗ ತರೋದು ನೆವ ಆತು ಅಷ್ಟ."

ಏನು ಸಿಗುತ್ತದೆ ಅದರಿಂದ ಎಂದೆ. ಬಹಳ ಹೊತ್ತು ಯೋಚಿಸಿದರು. "ದಪ್ಪ ಇರ್ತದ, ಮೆತ್ತಗಿರ್ತದ. ಯಾರೋ ಹಿಡಕೊಂಡಂಗ. ಹಗಲೆಲ್ಲ ಫೈಲು, ಸಾಹೇಬ್ರು, ಫೋನು. ಅದನ್ನ ಹಾಕ್ಕೊಂಡ್ರ ಇವತ್ತಿಗೆ ಸಾಕು ಅಂದಂಗ. ಎದ್ದು ಹೋಗಬೇಕಂದ್ರ ಎದ್ದು ಹೋಗ್ತೀನಿ. ಹೋಗದಿದ್ರೂ ನಡೀತದ ಅಂತ ಗೊತ್ತಿರ್ತದಲ್ಲ, ಅದೇ ದೊಡ್ಡದು."

ಬಸ್ಸಿನ ಟೀಚರಮ್ಮ ಹೇಳಿದ್ದೂ ಇದೇ ಅಲ್ಲವೇ? ಅವರದು ಒಣದಾಗಿ ಇಳಿಯುತ್ತದೆ, ಇವರದೂ ಹೆಚ್ಚಾಗಿ ಒಣದಾಗಿಯೇ ಬೆಳಗಾಗುತ್ತದೆ. ಅವರಿಗೆ ನಾನು ಪಾಪ ಎಂದೆ. ಇವರಿಗೆ ಹಾಗೆನ್ನಲು ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ.

ಹೆಂಡತಿಗೆ ಗೊತ್ತು. ಮೊದಲು ಡಾಕ್ಟರ್ ಹತ್ತಿರ ಕಳಿಸಿದಳಂತೆ, ಏನೂ ಇಲ್ಲ ಎಂದಮೇಲೆ ಅತ್ತಳಂತೆ, ಆಮೇಲೆ ಲೆಕ್ಕ ಹಾಕಿದಳಂತೆ. "ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ. ತಿಂಗಳಿಗೆ ಇಷ್ಟು ರೊಕ್ಕ ಹೋದ್ರ ಹೋಗಲಿ. ಅತ್ತಿಯವ್ರ ಕಣ್ಣಿಗೆ ಬೀಳಬಾರ್ದು, ನೀವೇ ಬಿಸಾಕಿ ಬರಬೇಕು. ಎರಡೇ ಮಾತು." ಈ ಎರಡನೇ ಮಾತಿಗಾಗಿ ಅವರು ಬೆಳಿಗ್ಗೆ ಸ್ಕೂಟರಿನ ಡಿಕ್ಕಿಯಲ್ಲಿ ಕರಿ ಕವರ್ ಇಟ್ಟುಕೊಂಡು ಬೈಪಾಸಿನ ಕಸದ ತೊಟ್ಟಿಯವರೆಗೆ ಹೋಗುತ್ತಾರೆ. ದಾರಿಯಲ್ಲಿ ಯಾರಾದರೂ ಲಿಫ್ಟ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ.

ಆನ್‌ಲೈನ್ ತರಿಸಿ ನೋಡಿದರು. ಕೊರಿಯರ್ ಹುಡುಗ ಆಫೀಸಿನ ಗೇಟಿನಲ್ಲಿ ನಿಂತು ಫೋನ್ ಮಾಡಿದ್ದಲ್ಲದೆ, ಫೋನ್ ಎತ್ತದಿದ್ದಾಗ ಡಬ್ಬಿಯ ಮೇಲೆ ಬರೆದದ್ದನ್ನು ಕಾವಲುಗಾರನಿಗೆ ಓದಿ ಹೇಳಿದ. ಆವತ್ತಿನಿಂದ ಮತ್ತೆ ಹಳೇ ಮೆಡಿಕಲ್ಲೇ ಗತಿ. ಅಲ್ಲಿ ಇನ್ನೊಂದು ಪೇಚು. ತಂದೆ ಇದ್ದಾಗಿನಿಂದ ಕೊಳ್ಳುತ್ತಿದ್ದ ಅಂಗಡಿ ಅದು. ತೀರಿಕೊಂಡದ್ದನ್ನು ಹೇಳಿಲ್ಲ. ಹೇಳಿದರೆ ಈಗ ಕೊಳ್ಳುವುದು ಯಾರಿಗೆ? ಹೋದಾಗಲೆಲ್ಲ ಅಂಗಡಿಯವರು ಕೇಳುತ್ತಾರೆ: "ತಂದಿಯವರು ಹ್ಯಾಂಗದಾರ್ರಿ?" ಇವರು "ಹಂಗ ಅದಾರ್ರಿ" ಅನ್ನುತ್ತಾರೆ. ಒಮ್ಮೆ ಬೆನ್ನಿಗೆ ಹುಣ್ಣಾಗದಂತೆ ಗಾಳಿ ಹಾಸಿಗೆ ಒಯ್ಯಿರಿ ಎಂದರಂತೆ. ಬೇಡ ಎನ್ನಲಾಗದೆ, ಒಯ್ಯಲೂ ಆಗದೆ, ಮುಂದಿನ ವಾರ ನೋಡೋಣ ಎಂದು ತಪ್ಪಿಸಿಕೊಂಡು ಬಂದಿದ್ದಾರೆ. ಅಪ್ಪನ ತಿಥಿ ಮಾಡಿ ಬಂದ ಸಂಜೆಯೂ ಅದೇ ಪ್ರಶ್ನೆ, ಅದೇ ಉತ್ತರ. "ಸತ್ತೋರನ್ನ ಹಿಂಗ ಬದುಕಿಸಿ ಇಡೋದು ಪಾಪ ಏನ್ರಿ ಸರ?" ಎಂದು ಕೇಳಿದರು. ಡೈಪರ್ ಬಗ್ಗೆ ಅವರಿಗೆ ನಾಚಿಕೆ ಇತ್ತು, ಪಾಪಪ್ರಜ್ಞೆ ಇರಲಿಲ್ಲ. ಸುಳ್ಳಿನ ಬಗ್ಗೆ ಇತ್ತು.

ಕೌದಿ

ನನ್ನ ಸೋದರಮಾವನೊಬ್ಬ ತಾಯಿ ಹೊಲಿದ ಕೌದಿ ಇಲ್ಲದೆ ನಿದ್ದೆ ಮಾಡುತ್ತಿರಲಿಲ್ಲ. ಹಳೇ ಇಳಕಲ್ ಸೀರೆಗಳ ಕೌದಿ, ಅಂಚು ಚಿಂದಿಯಾಗಿತ್ತು. ಹುಬ್ಬಳ್ಳಿಗೆ ವರ್ಗವಾದರೂ ಟ್ರಂಕಿನಲ್ಲಿ ಹೋಯಿತು. ಅರವತ್ತು ವರ್ಷದ ಗಂಡಸು ಅದರ ತುದಿಯನ್ನು ಮೂಗಿಗೆ ಒತ್ತಿಕೊಂಡು ಮಲಗುವುದನ್ನು ನಾವೆಲ್ಲ ನೋಡಿದ್ದೇವೆ. ಯಾರೂ ಏನೂ ಅನ್ನಲಿಲ್ಲ, ತಾಯಿ ಮೇಲೆ ಎಷ್ಟು ಪ್ರೀತಿ ನೋಡು ಎಂದರು. ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ವಿನಿಕಾಟ್ 1953ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನ ಇಂಥ ಮೆತ್ತನೆಯ ವಸ್ತುಗಳನ್ನು ಕುರಿತದ್ದೇ: ತಾಯಿ ಪಕ್ಕದಲ್ಲಿಲ್ಲದಾಗ ಆ ಜಾಗ ತುಂಬುವ ಕಂಬಳಿ ತುಂಡು, ಗೊಂಬೆ. ದೊಡ್ಡವರಾದಂತೆ ಅದು ತಾನಾಗಿ ಕೈಬಿಡುತ್ತದೆ ಎಂದು ಅವರ ಎಣಿಕೆ. ನಮ್ಮ ಮಾವನಿಗೆ ಬಿಡಲಿಲ್ಲ.

ಮನೋವೈದ್ಯರಾಗಿರುವ ಸ್ನೇಹಿತರೊಬ್ಬರಿಗೆ ಮಾನ್ವಿಯವರ ಗುರುತು ಬಿಟ್ಟು ಸಂಗತಿ ಹೇಳಿದೆ. ಅವರು ಕೇಳಿದ್ದು ಇಷ್ಟು: "ನೌಕರಿ ಕೆಟ್ಟದೇನು? ಸಂಸಾರ ಕೆಟ್ಟದೇನು? ನಿದ್ದಿ?" ನಿದ್ದೆ ಬಂದದ್ದೇ ಅದರಿಂದ ಎಂದೆ. "ಮತ್ತ ನನ್ನ ಹತ್ರ ಯಾಕ ಕಳಸ್ತಿ? ಇಷ್ಟೆಲ್ಲ ಬಚ್ಚಿಟ್ಟು ಬಚ್ಚಿಟ್ಟು ಜೀವ ಸುಸ್ತಾಗಿದ್ರ ಅದಕ್ಕ ಬರಲಿ."

ಕೌದಿಗೆ ಸಿಕ್ಕ ಮರ್ಯಾದೆ ಇದಕ್ಕೆ ಯಾಕಿಲ್ಲ? ಮಲಮೂತ್ರದ ಹೇಸಿಗೆ ಎನ್ನೋಣವೆಂದರೆ ಒಣದ್ದಕ್ಕೂ ಮರ್ಯಾದೆ ಇಲ್ಲ. ಗಂಡಸುತನಕ್ಕೆ ಕುಂದು ಎನ್ನೋಣವೆಂದರೆ ಹೆಂಗಸರೂ ಬಚ್ಚಿಡುತ್ತಾರೆ. ನನಗೆ ತೋಚುವುದು ಇಷ್ಟು. ಕೈಲಾಗದವನಿಗೆ ಮಾತ್ರ ಇದು ಎಂದು ನಾವು ಒಪ್ಪಿಕೊಂಡಿದ್ದೇವೆ. ಕೈಲಾಗುವವನು ತಾನಾಗಿ ಹಾಕಿಕೊಂಡರೆ ನಮ್ಮ ಮರುಕ ದಂಡವಾಗುತ್ತದೆ, ಅದಕ್ಕೆ ಸಿಟ್ಟು. ಪೂರ್ತಿ ಸರಿಯೆನಿಸುತ್ತಿಲ್ಲ. ಇರಲಿ, ಬರೆದಿಟ್ಟಿರುತ್ತೇನೆ.

ಬೇಸಿಗೆ

ಮೇ ತಿಂಗಳ ರಾಯಚೂರಿನಲ್ಲಿ ಬನಿಯನ್ನೇ ಭಾರ. ಹಾಸಿಗೆ ಹಿಡಿದವರ ತೊಡೆಸಂದಿಯಲ್ಲಿ ಬೆವರುಸಾಲೆ, ಮೇಲೆ ಕರೆಂಟ್ ಹೋದರೆ ಮುಗಿಯಿತು. ಬದಲಿಸದೆ ಬಿಟ್ಟರೆ ಚರ್ಮ ಸುಲಿಯುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರು ಕಲಿತ ಮಾತು: ಮಧ್ಯಾಹ್ನ ಬಿಚ್ಚಿಟ್ಟು ಕೆಳಗೆ ರಬ್ಬರ್ ಶೀಟು, ಮೇಲೆ ಹಳೇ ಧೋತರ ಹಾಸಿ ಗಾಳಿ ಆಡಲು ಬಿಡಬೇಕು, ತೊಳೆದು ಪೂರ್ತಿ ಆರಿದ ಮೇಲೆಯೇ ಮತ್ತೆ ಹಾಕಬೇಕು. ಮಾನ್ವಿಯವರು ಏಪ್ರಿಲ್, ಮೇ ಎರಡೂ ತಿಂಗಳು ಬಿಟ್ಟುಬಿಡುತ್ತಾರಂತೆ. ಇಷ್ಟಕ್ಕೂ ಒಂದು ಹಂಗಾಮು ಉಂಟು.

ಸೈಜು

ಇದು ಬೇರೊಂದು ಊರಿನ ಅಂಗಡಿ. ಯಜಮಾನರಿಗೆ ವಯಸ್ಸಾಗಿದೆ, ಕನ್ನಡಕ ಹಣೆಯ ಮೇಲೆ. ತಮಗಾಗಿಯೇ ಕೊಳ್ಳುವವರು ಯಾರಾದರೂ ಬರುತ್ತಾರಾ ಎಂದು ಸುತ್ತಿ ಬಳಸಿ ಕೇಳಿದೆ.

"ಬರ್ತಾರ್ರಿ."

"ಹೇಳ್ತಾರೇನು?"

"ಹೇಳಂಗಿಲ್ಲ. ಅಪ್ಪಗ ಅಂತಾರ, ಅವ್ವಗ ಅಂತಾರ. ನಾ ಸೈಜ್ ಕೇಳ್ತೀನಿ. ಖರೇನೇ ಅಪ್ಪಗ ಒಯ್ಯೋರು ತಡವರಿಸ್ತಾರ. ನನಗಿಂತ ಸ್ವಲ್ಪ ತೆಳ್ಳಗ, ನಿಮ್ಮಷ್ಟು ಇರಬಹುದು, ಹಿಂಗೇನರ ಅಂತಾರ. ತಮಗ ಒಯ್ಯೋರು ಥಟ್ಟನ ಲಾರ್ಜ್ ಅಂತಾರ. ಅಪ್ಪನ ಸೊಂಟದ ಅಳತಿ ಯಾ ಮಗಗ ಬಾಯಾಗಿರ್ತದ್ರಿ?"

"ಗೊತ್ತಾದಮ್ಯಾಲೂ ತಂದಿಯವರು ಹ್ಯಾಂಗದಾರ ಅಂತ ಕೇಳ್ತೀರೇನು?"

"ಕೇಳಬೇಕಲ್ರಿ" ಎಂದು ಅವರು ಪ್ಯಾಕಿಗೆ ಪೇಪರ್ ಸುತ್ತತೊಡಗಿದರು. "ಕೇಳೋದು ಬಿಟ್ರ ನನಗ ಗೊತ್ತಾಗ್ಯದ ಅಂತ ಅವ್ರಿಗೆ ಗೊತ್ತಾಗ್ತದ. ಮರುದಿನ ಬ್ಯಾರೆ ಅಂಗಡಿಗೆ ಹೋಗ್ತಾರ."